ಟಕ್ ಎಂಬ ಸದ್ದು ಎಲ್ಲಿಂದ? ಹಳೆಯ ಉಕ್ಕಿನ ಸೈಕಲ್ಲಿನ ದೋಷ ಹುಡುಕುವ ಬಗೆ

ಗುಜರಿ ಅಂಗಡಿಯಿಂದಲೋ ಊರಿನ ಮನೆಯ ಕೊಟ್ಟಿಗೆಯಿಂದಲೋ ಕೈಗೆ ಬಂದ ಹಳೆಯ ಸೈಕಲ್ಲಿಗೆ ಮೊದಲು ಬಣ್ಣ ಹೊಡೆಸಬೇಡಿ. ಹೊಸ ಟೈರು, ಹೊಸ ಸೀಟು, ಹೊಸ ಬೆಲ್ಲು ಎಂದು ಪಟ್ಟಿ ಮಾಡಿಕೊಂಡು ಅಂಗಡಿಗೂ ಹೋಗಬೇಡಿ. ಗಾಳಿ ಹಿಡಿದರೆ ಗಾಳಿ ತುಂಬಿಸಿ, ಬ್ರೇಕು ಹಿಡಿದರೆ ಮನೆಯ ಸುತ್ತಮುತ್ತ ನಿಧಾನವಾಗಿ ತುಳಿಯಿರಿ. ಸೈಕಲ್ಲು ತನ್ನ ರೋಗವನ್ನು ತಾನೇ ಹೇಳುತ್ತದೆ. ಆದರೆ ಅದನ್ನು ಕೇಳುವ ಕ್ರಮವೊಂದಿದೆ. ಉಕ್ಕಿನ ಕೊಳವೆಗಳಲ್ಲಿ ಶಬ್ದ ಸರಾಗವಾಗಿ ಹರಿದಾಡುವುದರಿಂದ ಸೀಟಿನಡಿಯ ಕಿರುಗುಟ್ಟುವಿಕೆ ಪೆಡಲಿನ ಬಳಿ ಕೇಳಿಸುತ್ತದೆ, ಪೆಡಲಿನ ಬಡಿತ ಹ್ಯಾಂಡಲ್ಲಿನಲ್ಲಿ ಕೇಳಿಸುತ್ತದೆ. ಶಬ್ದ ಎಲ್ಲಿಂದ ಬಂತು ಎಂಬ ವಿಷಯದಲ್ಲಿ ಕಿವಿಯನ್ನು ನಂಬುವಂತಿಲ್ಲ. ಎಷ್ಟು ಸುತ್ತಿಗೊಮ್ಮೆ ಬಂತು ಎಂಬ ಲೆಕ್ಕವನ್ನು ನಂಬಬಹುದು.

ಇಲ್ಲಿ ಬರೆಯುತ್ತಿರುವುದು ನಮ್ಮಲ್ಲಿ ಹೆಚ್ಚಾಗಿ ಸಿಗುವ ಕಪ್ಪು ರೋಡ್‌ಸ್ಟರ್ ಮಾದರಿಯ ಬಗ್ಗೆ: 28 × 1½ ಇಂಚಿನ ಟೈರು, ಕೇಬಲ್ಲಿನ ಬದಲು ಕಬ್ಬಿಣದ ಕಡ್ಡಿಗಳಿಂದ ಎಳೆಯುವ ರಾಡ್ ಬ್ರೇಕು, ಕಾಟರ್ ಪಿನ್ ಎಂಬ ಬೆಣೆ ಬಡಿದು ಆಕ್ಸಲ್ಲಿಗೆ ಕೂರಿಸಿದ ಕ್ರ್ಯಾಂಕು (ಪೆಡಲಿನ ತೋಳು), ಮುಂದಿನ ಚಕ್ರಕ್ಕೆ 32 ಸ್ಪೋಕು, ಭಾರ ಹೊರುವ ಹಿಂದಿನ ಚಕ್ರಕ್ಕೆ 40. ಆಸನ್ಸೋಲ್‌ನ ಸೇನ್-ರ್‍ಯಾಲಿ, ಮದ್ರಾಸಿನ ಅಂಬತ್ತೂರಿನ ಹರ್ಕ್ಯುಲಿಸ್ ಮತ್ತು ಫಿಲಿಪ್ಸ್, ಲೂಧಿಯಾನದ ಹೀರೋ, ಸೋನಿಪತ್‌ನ ಅಟ್ಲಾಸ್, ಎಲ್ಲವೂ ಬ್ರಿಟಿಷ್ ರೋಡ್‌ಸ್ಟರಿನ ಮಕ್ಕಳೇ. 1951ರಲ್ಲಿ ಶುರುವಾದ ಅಟ್ಲಾಸ್ ತನ್ನ ಕೊನೆಯ ಕಾರ್ಖಾನೆಯನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು. ಅದು ವಿಶ್ವ ಸೈಕಲ್ ದಿನವಾಗಿತ್ತು ಎಂಬುದನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಹೆಸರು ಹೋದರೂ ಅಳತೆಗಳು ಉಳಿದಿವೆ. ಇಂದಿಗೂ ತಯಾರಾಗುವ ಬಿಡಿಭಾಗಗಳು ಬಹುಮಟ್ಟಿಗೆ ಈ ಸೈಕಲ್ಲುಗಳಿಗೆ ಕೂರುತ್ತವೆ.

ಕೊಳ್ಳುವ ಮುನ್ನ ನೋಡಬೇಕಾದ ಮೂರು ಜಾಗ

ತುಕ್ಕಿಗೆ ಹೆದರಬೇಡಿ, ಬಿರುಕಿಗೆ ಹೆದರಿ. ಹ್ಯಾಂಡಲ್ಲಿನ ಕೆಳಗೆ, ಮೇಲಿನ ಮತ್ತು ಕೆಳಗಿನ ಕೊಳವೆಗಳು ಬಂದು ಸೇರುವ ಜಾಗದ ಸ್ವಲ್ಪ ಹಿಂದೆ, ಕೊಳವೆಯ ತಳಭಾಗಕ್ಕೆ ಬೆರಳಾಡಿಸಿ. ಬಣ್ಣದಲ್ಲಿ ಅಡ್ಡ ಸುಕ್ಕು ಅಥವಾ ಸಣ್ಣ ಉಬ್ಬು ಸಿಕ್ಕರೆ ಆ ಸೈಕಲ್ಲು ಎಂದೋ ಎದುರಿನಿಂದ ಗುದ್ದಿಸಿಕೊಂಡಿದೆ. ಎರಡನೆಯದು ಫೋರ್ಕು, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು. ಪಕ್ಕದಿಂದ ನೋಡಿದಾಗ ಫೋರ್ಕಿನ ಮೇಲರ್ಧ ಹ್ಯಾಂಡಲ್ಲಿನ ಕೊಳವೆಯ ನೇರದಲ್ಲೇ ಇಳಿದು, ಕೆಳಗೆ ಮಾತ್ರ ಮುಂದಕ್ಕೆ ಬಾಗಬೇಕು. ಮೇಲರ್ಧವೇ ಹಿಂದಕ್ಕೆ ವಾಲಿದ್ದರೆ ಅದು ಅದೇ ಗುದ್ದಿನ ಗುರುತು. ಮೂರನೆಯದು ಎರಡು ಕ್ರ್ಯಾಂಕುಗಳನ್ನು ಜೋಡಿಸುವ ಆಕ್ಸಲ್ ಕೂರುವ ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಗೂಡಿನ ಹಿಂದೆ, ಹಿಂಚಕ್ರದ ಕಡೆಗೆ ಹೋಗುವ ಎರಡು ಕೊಳವೆಗಳ ಬುಡ. ಇಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಬಟ್ಟೆಯಲ್ಲಿ ಒರೆಸಿ ನೋಡಿ. ಒರೆಸಿದರೂ ಮತ್ತೆ ಅದೇ ಜಾಗದಲ್ಲಿ ಕಂದು ಗೆರೆ ಮೂಡಿದರೆ ಒಳಗೆ ಬಿರುಕಿದೆ.

ಫ್ರೇಮು ಸೊಟ್ಟಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಆಕ್ಸಲ್ ಕೂರುವ ಒಂದು ಕಡೆಗೆ ದಾರ ಕಟ್ಟಿ, ಹ್ಯಾಂಡಲ್ಲಿನ ಕೊಳವೆಯನ್ನು ಬಳಸಿಕೊಂಡು ಬಂದು ಇನ್ನೊಂದು ಕಡೆಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕಿರುವ ಅಂತರವನ್ನು ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರಲಿ ಬಿಡಿ. ಬೆರಳಿನ ದಪ್ಪದಷ್ಟು ಬಂದರೆ ಆ ಸೈಕಲ್ಲನ್ನು ಬಿಡಿಭಾಗಗಳ ಬೆಲೆಗೆ ಮಾತ್ರ ಕೊಳ್ಳಿ.

ಸೈಕಲ್ಲು ಎಲ್ಲಿ ಬಾಳಿತು ಎಂದೂ ಕೇಳಿಕೊಳ್ಳಿ. ಕಾರವಾರ, ಮಂಗಳೂರಿನ ಕಡೆಯದಾದರೆ ಹೊರಗಿನ ಬಣ್ಣ ಚೆನ್ನಾಗಿದ್ದರೂ ಸೀಟಿನ ಪೈಪನ್ನು ಹೊರಗೆಳೆದು ಕೊಳವೆಯ ಒಳಗೆ ಟಾರ್ಚ್ ಬಿಟ್ಟು ನೋಡಬೇಕು, ಉಪ್ಪುಗಾಳಿಯ ತುಕ್ಕು ಒಳಗಿನಿಂದ ತಿನ್ನುತ್ತದೆ. ರಾಯಚೂರು, ವಿಜಯಪುರದ ಕಡೆಯದಾದರೆ ತುಕ್ಕು ಕಡಿಮೆ. ಆದರೆ ಎರೆಮಣ್ಣು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ, ಟೈರಿನ ತುಂಬ ಜಾಲಿಮುಳ್ಳಿನ ಮುರಿದ ತುದಿಗಳಿರುತ್ತವೆ.

ಶಬ್ದದ ಲೆಕ್ಕ

ಪೆಡಲಿನ ಬಳಿಯ ಹಲ್ಲುಗಾಲಿಯಾದ ಚೈನ್‌ವೀಲಿನ ಹಲ್ಲನ್ನೂ ಹಿಂಚಕ್ರದ ಹಲ್ಲುಗಾಲಿಯಾದ ಫ್ರೀವೀಲಿನ ಹಲ್ಲನ್ನೂ ಎಣಿಸಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ 44 ಮತ್ತು 18 ಇದ್ದರೆ, ಪೆಡಲ್ ಒಂದು ಸುತ್ತು ಬಂದಾಗ ಹಿಂದಿನ ಚಕ್ರ ಸುಮಾರು 2.4 ಸುತ್ತು ತಿರುಗುತ್ತದೆ. ಚೈನು ಒಂದು ಪೂರ್ತಿ ಸುತ್ತು ಮುಗಿಸಲು ಪೆಡಲ್ ಸುಮಾರು ಎರಡೂವರೆ ಸುತ್ತು ತಿರುಗಬೇಕು. ಈ ಎರಡು ಅಂಕಿಗಳು ಅರ್ಧ ಕೆಲಸ ಮುಗಿಸಿಬಿಡುತ್ತವೆ.

ಸಮತಟ್ಟಾದ, ಸದ್ದಿಲ್ಲದ ರಸ್ತೆಯಲ್ಲಿ ತುಳಿಯುತ್ತಾ ಹೋಗಿ, ಇದ್ದಕ್ಕಿದ್ದಂತೆ ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ಉರುಳಲು ಬಿಡಿ. ಶಬ್ದ ಮುಂದುವರಿದರೆ ಅದು ಚಕ್ರದ್ದು: ಎಲ್ಲೋ ಸವರುವ ಮಡ್‌ಗಾರ್ಡು, ಉಬ್ಬಿದ ಟೈರು, ಸಡಿಲವಾದ ಸ್ಪೋಕು, ಮುರಿದ ಆಕ್ಸಲ್. ಫ್ರೀವೀಲಿನ ಕಟಕಟ ಸದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ಆರೋಗ್ಯದ ಲಕ್ಷಣ. ಶಬ್ದ ನಿಂತುಹೋದರೆ ದೋಷ ಇರುವುದು ತುಳಿತದ ದಾರಿಯಲ್ಲಿ, ಅಂದರೆ ಪೆಡಲ್, ಕ್ರ್ಯಾಂಕು, ಬಿ.ಬಿ. ಆಕ್ಸಲ್, ಚೈನು, ಫ್ರೀವೀಲು. ಅಥವಾ ತುಳಿಯುವಾಗ ನಿಮ್ಮ ಮೈಭಾರ ಹೊರುವ ಸೀಟು ಮತ್ತು ಹ್ಯಾಂಡಲ್ಲಿನಲ್ಲಿ.

ಈಗ ಮತ್ತೆ ತುಳಿಯುತ್ತಾ ಬಲಗಾಲು ಕೆಳಗಿಳಿದಾಗಲೆಲ್ಲ ಮನಸ್ಸಿನಲ್ಲೇ ಎಣಿಸಿ. ಪ್ರತಿ ಸುತ್ತಿಗೆ ಒಂದೇ ಬಾರಿ, ಅದೂ ಕಾಲು ಒಂದೇ ಜಾಗಕ್ಕೆ ಬಂದಾಗ ಟಕ್ ಎಂದರೆ ನೂರಕ್ಕೆ ತೊಂಬತ್ತು ಪಾಲು ಕಾಟರ್ ಪಿನ್. ಉಳಿದದ್ದು ಪೆಡಲಿನೊಳಗಿನ ಒಡೆದ ಬಾಲ್ಸು (ಬೇರಿಂಗಿನ ಉಕ್ಕಿನ ಗುಂಡು) ಅಥವಾ ಕ್ರ್ಯಾಂಕಿಗೆ ಉಜ್ಜುವ ಚೈನ್ ಕವರು. ಸುತ್ತಿಗೆ ಎರಡು ಬಾರಿ, ಎಡಗಾಲಿಗೂ ಬಲಗಾಲಿಗೂ ಒಂದೊಂದು ಬಂದರೆ ಎರಡು ಬದಿಗೂ ಸಂಬಂಧಪಟ್ಟ ಭಾಗಗಳನ್ನು ನೋಡಿ: ಸಡಿಲವಾದ ಬಿ.ಬಿ. ಕಪ್ (ಆ ಗೂಡಿನ ಬಾಲ್ಸುಗಳನ್ನು ಹಿಡಿದಿಡುವ ಬಟ್ಟಲು), ಸೀಟಿನ ಕ್ಲಿಪ್ಪು, ಹ್ಯಾಂಡಲ್ಲು. ಸೀಟು ಹೌದೋ ಅಲ್ಲವೋ ಎಂದು ತಿಳಿಯಲು ಎದ್ದು ನಿಂತು ತುಳಿದರೆ ಸಾಕು. ಎರಡೂವರೆ ಸುತ್ತಿಗೊಮ್ಮೆ ಪೆಡಲು ಸಣ್ಣಗೆ ಎಗರಿದಂತಾದರೆ ಚೈನಿನ ಒಂದು ಕೊಂಡಿ ತುಕ್ಕು ಹಿಡಿದು ಬಾಗದೆ ನಿಂತಿದೆ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಪೆಡಲನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸಿದರೆ ಆ ಕೊಂಡಿ ಫ್ರೀವೀಲನ್ನು ಬಿಡುವಾಗ ಮೊಣಕೈಯಂತೆ ಮಡಿಸಿಕೊಂಡೇ ಬರುವುದು ಕಾಣುತ್ತದೆ. ಎಣ್ಣೆ ಬಿಟ್ಟು ಅಕ್ಕಪಕ್ಕಕ್ಕೆ ಬಾಗಿಸಿದರೆ ಬಿಟ್ಟುಕೊಳ್ಳುತ್ತದೆ.

ಲೆಕ್ಕಕ್ಕೇ ಸಿಗದೆ ಗುಂಡಿ ಬಂದಾಗ ಮಾತ್ರ ಲೊಟಲೊಟ ಎನ್ನುವುದು ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡಿನ ಕಡ್ಡಿ, ಬೆಲ್ಲಿನ ಬಟ್ಟಲು, ಇವುಗಳಲ್ಲೊಂದು. ಒಂದೊಂದನ್ನೂ ಕೈಯಲ್ಲಿ ಅಲುಗಿಸಿ ನಟ್ಟು ಬಿಗಿಸಿ. ಇದಕ್ಕೆ ಹೆಚ್ಚು ಬುದ್ಧಿ ಖರ್ಚು ಮಾಡಬೇಕಾಗಿಲ್ಲ.

ಕಾಟರ್ ಪಿನ್

ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಹಳೆಯ ಸೈಕಲ್ಲುಗಳ ಕ್ರ್ಯಾಂಕು, ಆಕ್ಸಲ್ಲುಗಳು ಹಾಳಾಗುವುದು ಹೆಚ್ಚಾಗಿ ಈ ಬೆರಳುದ್ದದ ಪಿನ್ನಿನ ಬಗ್ಗೆ ತೋರುವ ಅಸಡ್ಡೆಯಿಂದ.

ಮೊದಲು ದೋಷವನ್ನು ಖಚಿತಪಡಿಸಿಕೊಳ್ಳಿ. ಎರಡೂ ಪೆಡಲುಗಳನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಎರಡರ ಮೇಲೂ ಕೈಯಿಟ್ಟು ಭಾರ ಬಿಡಿ. ಅರ್ಧ ಸುತ್ತು ತಿರುಗಿಸಿ ಮತ್ತೆ ಭಾರ ಬಿಡಿ. ಯಾವುದಾದರೂ ಒಂದು ಕ್ರ್ಯಾಂಕು ಸ್ವಲ್ಪ ಜಾರಿ ನಂತರ ಗಟ್ಟಿಯಾಗಿ ನಿಂತರೆ ಅದರ ಪಿನ್ನು ಸಡಿಲವಾಗಿದೆ. ಆಮೇಲೆ ಕ್ರ್ಯಾಂಕನ್ನು ಹಿಡಿದು ಫ್ರೇಮಿನ ಕಡೆಗೆ, ಹೊರಗಡೆಗೆ ಅಲುಗಿಸಿ. ಒಂದು ಕ್ರ್ಯಾಂಕು ಮಾತ್ರ ಅಲುಗಿದರೆ ಪಿನ್ನು. ಇನ್ನೊಂದು ಬದಿಯ ಕ್ರ್ಯಾಂಕೂ ಜೊತೆಗೇ ಅಲುಗಿದರೆ ಆಕ್ಸಲ್ಲೇ ಆಡುತ್ತಿದೆ, ಅಂದರೆ ಬಿ.ಬಿ. ಕಪ್ ಬಿಗಿಸಬೇಕು. ಈ ಒಂದು ಪರೀಕ್ಷೆ ಮಾಡದೆ ಬಿ.ಬಿ. ಪೂರ್ತಿ ಬಿಚ್ಚಿ ಹಾಕಿ, ಹೊಸ ಬಾಲ್ಸು ಹಾಕಿ, ಗ್ರೀಸು ತುಂಬಿ, ಕೊನೆಗೆ ಶಬ್ದ ಹಾಗೇ ಉಳಿದ ಸೈಕಲ್ಲುಗಳು ಬಹಳ.

ಪಿನ್ನಿನ ಒಂದು ಬದಿ ಇಳಿಜಾರಾಗಿ ಚಪ್ಪಟೆಯಾಗಿರುತ್ತದೆ. ಆ ಚಪ್ಪಟೆ ಭಾಗ ಆಕ್ಸಲ್ಲಿನಲ್ಲಿ ಕೊರೆದ ಚಪ್ಪಟೆ ಕಚ್ಚಿಗೆ ಪೂರ್ತಿ ಅಂಟಿ ಕೂರಬೇಕು. ಎಲ್ಲರೂ ಮಾಡುವುದು ನಟ್ಟನ್ನು ಬಿಗಿಸುವುದು. ನಟ್ಟು ಪಿನ್ನನ್ನು ಎಳೆದು ಕೂರಿಸುವುದಕ್ಕಲ್ಲ, ಕೂತ ಪಿನ್ನು ಹಿಂದೆ ಬರದಂತೆ ತಡೆಯುವುದಕ್ಕೆ. ಪಿನ್ನನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಆಮೇಲೆ ನಟ್ಟನ್ನು ಹದವಾಗಿ ಬಿಗಿಸಬೇಕು. ನಟ್ಟಿನ ಬಲದಿಂದಲೇ ಎಳೆಯಹೊರಟರೆ ಪಿನ್ನಿನ ತುದಿಯ ಸುತ್ತು (ಥ್ರೆಡ್) ಕಿತ್ತುಹೋಗುತ್ತದೆ.

ಹಳೆಯ ಪಿನ್ನನ್ನು ತೆಗೆಯುವಾಗ ನಟ್ಟನ್ನು ಪೂರ್ತಿ ಬಿಚ್ಚಬೇಡಿ. ಪಿನ್ನಿನ ತುದಿಯ ಸಮಕ್ಕೆ ಬರುವಷ್ಟು ಸಡಿಲಿಸಿ, ಸುತ್ತು ಹಾಳಾಗುವುದಿಲ್ಲ. ಇನ್ನೂ ಮುಖ್ಯವಾದದ್ದು ಆಸರೆ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆ ಒಳಗೆ ಇಳಿಯುವಷ್ಟು ಅಗಲದ ಕಬ್ಬಿಣದ ಪೈಪಿನ ತುಂಡನ್ನು ನೆಲದಿಂದ ನೇರವಾಗಿ ನಿಲ್ಲಿಸಿ, ಕ್ರ್ಯಾಂಕು ಅದರ ಮೇಲೆ ಕೂರಲಿ. ಹಾಗೆ ಮಾಡದೆ ಬಡಿದರೆ ಪೆಟ್ಟೆಲ್ಲ ಬಿ.ಬಿ. ಬಾಲ್ಸಿಗೆ ಹೋಗಿ ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಹಿಂದಿನ ರಾತ್ರಿಯೇ ಸೀಮೆಎಣ್ಣೆ ಅಥವಾ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮೇಲಿನಿಂದ ಒಂದೇ ಗಟ್ಟಿ ಪೆಟ್ಟು ಕೊಡಿ. ಹತ್ತು ಅಳುಕಿನ ಪೆಟ್ಟುಗಳು ಪಿನ್ನಿನ ತುದಿಯನ್ನು ಅಣಬೆಯ ತಲೆಯಾಗಿಸುತ್ತವೆ, ಆಮೇಲೆ ಡ್ರಿಲ್ಲಿನಿಂದ ಕೊರೆದೇ ತೆಗೆಯಬೇಕು.

ಹೊಸ ಪಿನ್ನು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬ್ರಿಟಿಷ್ ಅಳತೆಯದು 9.5 ಮಿಲಿಮೀಟರ್, 9 ಮಿಲಿಮೀಟರಿನವೂ ಇವೆ. ಅರ್ಧ ಮಿಲಿಮೀಟರ್ ಏನು ಮಹಾ ಎಂದು ಹಾಕಿದರೆ ಮೂರೇ ದಿನಕ್ಕೆ ಟಕ್ ಎಂಬುದು ಮರಳಿ ಬರುತ್ತದೆ. ಪಿನ್ನನ್ನು ತೂರಿಸಿ ನೋಡಿ, ಸುತ್ತು ಸಾಕಷ್ಟು ಹೊರಗೆ ಬಾರದಿದ್ದರೆ ಚಪ್ಪಟೆ ಭಾಗವನ್ನು ಅರದಿಂದ ಸ್ವಲ್ಪವೇ ಉಜ್ಜಿ. ಉಜ್ಜುವಾಗ ಇಳಿಜಾರಿನ ಕೋನ ಬದಲಾಗದಂತೆ ಕೈ ನೇರವಾಗಿರಲಿ. ಎರಡು ಬದಿಯ ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಕೂರಬೇಕು. ಒಂದೇ ದಿಕ್ಕಿಗೆ ಹಾಕಿದರೆ ಎರಡು ಕ್ರ್ಯಾಂಕುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ತುಳಿಯುವಾಗ ಒಂದು ಕಾಲು ಕುಂಟಿದಂತಾಗುತ್ತದೆ. ಐವತ್ತು ಕಿಲೋಮೀಟರಿನಷ್ಟು ಓಡಿಸಿದ ಮೇಲೆ ಮತ್ತೊಮ್ಮೆ ಆಸರೆ ಕೊಟ್ಟು ಬಡಿದು, ನಟ್ಟು ಬಿಗಿಸಿ. ಈ ಎರಡನೆಯ ಬಡಿತವನ್ನು ಬಿಟ್ಟವರೇ ಪಿನ್ನು ನಿಲ್ಲುವುದಿಲ್ಲ ಎಂದು ದೂರುವವರು.

ಬಿ.ಬಿ. ಬಿಚ್ಚಲೇಬೇಕಾಗಿ ಬಂದರೆ ಎರಡು ಮಾತು. ಚೈನ್ ಬದಿಯ ಕಪ್ಪಿನದು ಎಡಮುರಿ ಸುತ್ತು, ಎಡ ಪೆಡಲಿನದೂ ಹಾಗೆಯೇ. ಬಿಚ್ಚಲು ಸಾಮಾನ್ಯ ದಿಕ್ಕಿಗೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಇನ್ನು, ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ಹಳೆಯ ರ್‍ಯಾಲಿಗಳ ಕಪ್ಪಿಗೆ ಇಂಚಿಗೆ 26 ಸುತ್ತು, ಉಳಿದ ಬ್ರಿಟಿಷ್ ಅಳತೆಯವಕ್ಕೆ 24. ಕೈಯಲ್ಲಿ ಒಂದೆರಡು ಸುತ್ತು ಹೋಗಿ ನಿಂತುಬಿಟ್ಟ ಕಪ್ಪನ್ನು ಪಾನಾ ಹಾಕಿ ಒತ್ತಾಯಿಸಬೇಡಿ, ಹಾಳಾಗುವುದು ಫ್ರೇಮು.

ಚೈನು ಬೀಳುವುದು, ತುಳಿತ ಜಾರುವುದು

ಚೈನಿನ ಒಂದು ಪಿನ್ನಿನ ಮಧ್ಯದ ಮೇಲೆ ಸ್ಕೇಲಿನ ಸೊನ್ನೆಯಿಟ್ಟು 12 ಇಂಚು ಅಳೆಯಿರಿ. ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚಿಗೆ ಇನ್ನೊಂದು ಪಿನ್ನಿನ ಮಧ್ಯ ಬರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಎಂಟನೇ ಒಂದು ಭಾಗವಾದರೆ ಹಲ್ಲುಗಳೂ ಸವೆದಿವೆ, ಚೈನು ಮಾತ್ರ ಬದಲಿಸಿದರೆ ಹೊಸ ಚೈನು ಹಳೆಯ ಹಲ್ಲಿನ ಮೇಲೆ ಹತ್ತಿ ಜಾರುತ್ತದೆ.

ಅಳತೆ ಸರಿಯಿದ್ದೂ ಬೀಳುತ್ತಿದ್ದರೆ ಸಡಿಲ ನೋಡಿ. ಪೆಡಲನ್ನು ತಿರುಗಿಸುತ್ತಾ ಹೋದರೆ ಚೈನು ಒಂದು ಕಡೆ ಬಿಗಿಯಾಗಿಯೂ ಇನ್ನೊಂದು ಕಡೆ ಜೋಲಾಗಿಯೂ ಕಾಣುವುದು ಹಳೆಯ ಸೈಕಲ್ಲುಗಳಲ್ಲಿ ಸಹಜ, ಚೈನ್‌ವೀಲ್ ಪೂರ್ತಿ ದುಂಡಗಿರುವುದಿಲ್ಲ. ಅತಿ ಬಿಗಿಯಾದ ಜಾಗದಲ್ಲಿ ಮೇಲೆ ಕೆಳಗೆ ಸೇರಿ ಅರ್ಧ ಇಂಚು ಆಟ ಇರುವಂತೆ ಚಕ್ರವನ್ನು ಎಳೆದು ಕೂರಿಸಿ. ಜೋಲಾದ ಜಾಗದಲ್ಲಿ ಬಿಗಿ ಮಾಡಿದರೆ ಬಿಗಿಯಾದ ಜಾಗ ಬಂದಾಗ ಬಾಲ್ಸುಗಳು ನರಳುತ್ತವೆ.

ತುಳಿದಾಗ ಪೆಡಲು ಒಮ್ಮೆಗೇ ಖಾಲಿ ತಿರುಗಿದರೆ, ಚೈನು ಜಾಗದಲ್ಲೇ ಇದ್ದರೆ, ಅದು ಫ್ರೀವೀಲು. ಹಳೆಯ ಎಣ್ಣೆ ಅಂಟಾಗಿ ಒಳಗಿನ ಸಣ್ಣ ಕೊಂಡಿಗಳು ಏಳುತ್ತಿಲ್ಲ. ಸೈಕಲ್ಲನ್ನು ಪಕ್ಕಕ್ಕೆ ಮಲಗಿಸಿ ಸೀಮೆಎಣ್ಣೆ ಬಿಟ್ಟು ತಿರುಗಿಸಿ, ಕಪ್ಪು ನೀರು ಬರುವುದು ನಿಂತ ಮೇಲೆ ಹೊಲಿಗೆಯಂತ್ರದ ಎಣ್ಣೆ ಹಾಕಿ. ಗ್ರೀಸು ಮಾತ್ರ ತುಂಬಬೇಡಿ, ಅದೇ ಮುಂದಿನ ರೋಗಕ್ಕೆ ಕಾರಣ.

ನಿಮ್ಮದು ಇಂಗ್ಲೆಂಡಿನಿಂದ ಬಂದ ಸೈಕಲ್ಲಾಗಿ ಹಿಂದೆ ಸ್ಟರ್ಮೆ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ಬು, ಅಂದರೆ ಒಳಗೇ ಗೇರಿರುವ ಚಕ್ರದ ಗುಂಬ, ಇದ್ದರೆ ಭಾಗ್ಯವಂತರು. ಅದರ ಲೋಹದ ಮೈಮೇಲೆ ಅಚ್ಚಾಗಿರುವ ಎರಡಂಕಿ ಸಾಮಾನ್ಯವಾಗಿ ತಯಾರಾದ ವರ್ಷ. ಅದು ಜಾರುತ್ತಿದ್ದರೆ ಹಬ್ಬನ್ನು ಬಿಚ್ಚುವ ಮೊದಲು ಕೇಬಲ್ಲನ್ನು ನೋಡಿ. ನಡುವಿನ ಗೇರಿನಲ್ಲಿ, ಆಕ್ಸಲ್ಲಿನೊಳಗಿನಿಂದ ಬರುವ ಪುಟ್ಟ ಸರಪಳಿಯ ಕಡ್ಡಿಯ ಭುಜ ಆಕ್ಸಲ್ಲಿನ ತುದಿಗೆ ಸಮವಾಗಿರಬೇಕು. ಬಲಗಡೆಯ ನಟ್ಟಿನ ಕಿಂಡಿಯಲ್ಲಿ ಅದು ಕಾಣುತ್ತದೆ.

ಬ್ರೇಕು

ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಬದಿಗಳನ್ನು ಹಿಡಿಯುವುದಿಲ್ಲ, ಹಬ್ಬಿಗೆ ಮುಖ ಮಾಡಿದ ಒಳಮೈಯನ್ನು ಒತ್ತುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದರ ದೋಷಗಳು ಅರ್ಥವಾಗುತ್ತವೆ. ಚಕ್ರ ಅಕ್ಕಪಕ್ಕಕ್ಕೆ ಸ್ವಲ್ಪ ಓಲಾಡಿದರೂ ಈ ಬ್ರೇಕು ಸಹಿಸಿಕೊಳ್ಳುತ್ತದೆ, ಮೇಲೆ ಕೆಳಗೆ ಎಗರಿದರೆ ಸಹಿಸುವುದಿಲ್ಲ. ಬ್ರೇಕು ಹಿಡಿದಾಗ ಹ್ಯಾಂಡಲ್ಲು ಚಕ್ರದ ಸುತ್ತಿಗೊಮ್ಮೆ ತಡೆತಡೆದು ನಡುಗಿದರೆ ಬೆಂಡು ತೆಗೆಯುವವರಿಗೆ ಮೇಲೆ ಕೆಳಗಿನ ಎಗರಾಟವನ್ನು ತೆಗೆಯಿರಿ ಎಂದು ಬಿಡಿಸಿ ಹೇಳಿ. ಅವರು ರೂಢಿಯಂತೆ ಪಕ್ಕದ ಬೆಂಡನ್ನಷ್ಟೇ ತೆಗೆದುಕೊಟ್ಟರೆ ನಡುಕ ಹಾಗೇ ಇರುತ್ತದೆ.

ಹಿಡಿಕೆ ಕೈಗೆ ಪೂರ್ತಿ ಬಂದರೂ ಬ್ರೇಕು ನಿಲ್ಲಿಸದಿದ್ದರೆ, ಒಬ್ಬರು ಹಿಡಿಕೆ ಒತ್ತಲಿ, ಇನ್ನೊಬ್ಬರು ಒಂದೊಂದು ಕೀಲನ್ನೂ ನೋಡಲಿ. ರಾಡುಗಳನ್ನು ಜೋಡಿಸುವ ಸ್ಕ್ರೂ ಹಿಡಿತ ಬಿಟ್ಟು ರಾಡು ಒಳಗೇ ಜಾರುತ್ತಿರಬಹುದು. ರಬ್ಬರು ಒಂದು ಕಡೆ ಮೊದಲು ತಾಗಿ ಇನ್ನೊಂದು ಕಡೆ ತಾಗದೇ ಇರಬಹುದು. ರಬ್ಬರಿನ ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಎಮರಿ ಪೇಪರಿನಿಂದ ಉಜ್ಜಿ. ಬಿಡುವಿನ ಸ್ಥಿತಿಯಲ್ಲಿ ರಬ್ಬರಿಗೂ ರಿಮ್ಮಿಗೂ ಮೂರು ಮಿಲಿಮೀಟರಿನಷ್ಟು ಅಂತರ ಸಾಕು.

ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುವುದು ಈ ಬ್ರೇಕಿನ ಸ್ವಭಾವ. ಚೈನು ಬಿಗಿಸಲು ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆದರೆ ರಿಮ್ಮು ಬ್ರೇಕಿನ ರಬ್ಬರಿಗೆ ಹತ್ತಿರವಾಗಿ ಉಜ್ಜತೊಡಗುತ್ತದೆ. ಹ್ಯಾಂಡಲ್ಲನ್ನು ಎತ್ತರಿಸಿದರೆ ಮುಂದಿನ ಬ್ರೇಕು ತಾನಾಗಿಯೇ ಬಿಗಿಯಾಗುತ್ತದೆ. ಆದ್ದರಿಂದ ಸೀಟು, ಹ್ಯಾಂಡಲ್ಲು, ಚೈನು ಎಲ್ಲ ಹೊಂದಿಸಿದ ಮೇಲೆ ಕೊನೆಗೆ ಬ್ರೇಕು. ಮಳೆಯಲ್ಲಿ ನೆನೆದ ಕ್ರೋಮಿನ ರಿಮ್ಮನ್ನು ಯಾವ ರಬ್ಬರೂ ಚೆನ್ನಾಗಿ ಹಿಡಿಯುವುದಿಲ್ಲ. ಅದು ದೋಷವಲ್ಲ, ಆ ಲೋಹದ ಗುಣ. ಮಳೆಗಾಲದಲ್ಲಿ ನಿಲ್ಲಿಸಬೇಕಾದ ಜಾಗಕ್ಕೆ ಬಹಳ ಮೊದಲೇ ಹಗುರವಾಗಿ ಬ್ರೇಕು ಹಿಡಿದು ನೀರನ್ನು ಒರೆಸಿಕೊಳ್ಳಬೇಕು.

ಹ್ಯಾಂಡಲ್ಲು

ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲ್ಲನ್ನು ನಿಧಾನವಾಗಿ ತಿರುಗಿಸಿ. ನೇರ ದಿಕ್ಕಿಗೆ ಬಂದಾಗ ಗುಳಿಗೆ ಬಿದ್ದಂತೆ ನಿಂತರೆ ಕೆಳಗಿನ ಕಪ್ಪಿನಲ್ಲಿ ಬಾಲ್ಸುಗಳ ಗುರುತು ಬಿದ್ದಿದೆ. ಇಂಥ ಸೈಕಲ್ಲು ರಸ್ತೆಯಲ್ಲಿ ಸಣ್ಣಗೆ ಹಾವಿನ ನಡೆ ನಡೆಯುತ್ತದೆ, ನಾವು ಟೈರನ್ನೋ ಚಕ್ರವನ್ನೋ ಬೈಯುತ್ತಿರುತ್ತೇವೆ. ಹೊಸ ಕಪ್ಪು ಸಿಕ್ಕರೆ ಒಳ್ಳೆಯದು. ಸಿಗುವವರೆಗೆ ಬಾಲ್ಸುಗಳ ಪಂಜರವನ್ನು ತೆಗೆದು, ಅದೇ ಅಳತೆಯ ಬಿಡಿ ಬಾಲ್ಸುಗಳನ್ನು ಗ್ರೀಸಿನಲ್ಲಿ ಸಾಲಾಗಿ ಕೂರಿಸಿದರೆ ಸಂಖ್ಯೆ ಹೆಚ್ಚಿ, ಅವು ಹಳೆಯ ಗುಳಿಗಳಲ್ಲಿ ಒಟ್ಟಿಗೆ ಕೂರದೆ ತಿರುಗಾಟ ಸರಾಗವಾಗುತ್ತದೆ.

ಹ್ಯಾಂಡಲ್ಲಿನ ಕಾಂಡ ಮೇಲೆ ಬರದಿದ್ದರೆ ಎಳೆದಾಡಬೇಡಿ. ಮೇಲಿನ ಬೋಲ್ಟನ್ನು ಕೆಲವು ಸುತ್ತು ಸಡಿಲಿಸಿ, ಮರದ ತುಂಡಿಟ್ಟು ಬೋಲ್ಟಿನ ತಲೆಗೆ ಒಂದು ಪೆಟ್ಟು ಕೊಡಿ, ಒಳಗಿನ ಬೆಣೆ ಕೆಳಗಿಳಿದು ಕಾಂಡ ಬಿಟ್ಟುಕೊಳ್ಳುತ್ತದೆ.

ಗಾಳಿ ನಿಲ್ಲದಿದ್ದರೆ

ರಾತ್ರಿ ತುಂಬಿದ ಗಾಳಿ ಬೆಳಿಗ್ಗೆ ಇಲ್ಲವೆಂದರೆ ಟ್ಯೂಬು ಬಿಚ್ಚುವ ಮೊದಲು ವಾಲ್ವಿನ ಬಾಯಿಗೆ ಸ್ವಲ್ಪ ನೀರು ಸವರಿ. ಗುಳ್ಳೆ ಬಂದರೆ ಒಳಗಿನ ಪುಟ್ಟ ವಾಲ್ ಟ್ಯೂಬು ಹಳತಾಗಿದೆ, ಬದಲಿಸಲು ಒಂದು ನಿಮಿಷವೂ ಬೇಡ. ಗುಳ್ಳೆ ಬಾರದಿದ್ದರೆ ಮಾತ್ರ ಟ್ಯೂಬು ತೆಗೆದು ನೀರಿನಲ್ಲಿ ಮುಳುಗಿಸಿ. ತೂತು ಸಿಕ್ಕೊಡನೆ ಪ್ಯಾಚಿಗೆ ಅವಸರ ಬೇಡ, ತೂತು ಯಾವ ಮೈಯಲ್ಲಿದೆ ನೋಡಿ. ರಿಮ್ಮಿನ ಕಡೆಯ ಮೈಯಲ್ಲಿದ್ದರೆ ಸ್ಪೋಕಿನ ತುದಿ ಚುಚ್ಚಿದೆ, ಅದನ್ನು ಅರದಿಂದ ಉಜ್ಜಿ ರಿಮ್ ಟೇಪು ಹಾಕದೆ ಎಷ್ಟು ಪ್ಯಾಚು ಹಾಕಿದರೂ ವ್ಯರ್ಥ. ಟೈರಿನ ಕಡೆಯಲ್ಲಿದ್ದರೆ ಮುಳ್ಳು, ಅದು ಇನ್ನೂ ಟೈರಿನಲ್ಲೇ ಇರಬಹುದು. ಅಕ್ಕಪಕ್ಕ ಎರಡು ಸಣ್ಣ ಸೀಳಿದ್ದರೆ ಕಡಿಮೆ ಗಾಳಿಯಲ್ಲಿ ಗುಂಡಿಗೆ ಬಿದ್ದು ಟ್ಯೂಬು ರಿಮ್ಮಿಗೆ ಸಿಕ್ಕಿದೆ.

ಲೈಟು, ತುಕ್ಕು, ಬಣ್ಣ

ಬಣ್ಣ ಹೊಡೆಸಿದ ಮೇಲೆ ಡೈನಮೋ ಲೈಟು ಉರಿಯುತ್ತಿಲ್ಲ ಎಂಬ ದೂರು ಸಾಮಾನ್ಯ. ಡೈನಮೋದಿಂದ ಲೈಟಿಗೆ ಒಂದೇ ತಂತಿ ಹೋಗುತ್ತದೆ, ವಾಪಸು ಬರುವ ದಾರಿ ಫ್ರೇಮಿನ ಉಕ್ಕು. ಬಣ್ಣದ ಪದರ ಆ ದಾರಿಯನ್ನು ಮುಚ್ಚುತ್ತದೆ. ಡೈನಮೋ ಹಿಡಿಕೆಯ ಮೊನೆಯ ಸ್ಕ್ರೂ ಬಣ್ಣವನ್ನು ಕೊರೆದು ಲೋಹ ಮುಟ್ಟುವವರೆಗೆ ಬಿಗಿಸಿ, ಲೈಟಿನ ಬ್ರ್ಯಾಕೆಟ್ಟಿನ ಕೆಳಗೂ ಸ್ವಲ್ಪ ಕೆರೆಯಿರಿ. ಮುಂದಿನ ಬಲ್ಬು ಪದೇಪದೇ ಸುಟ್ಟುಹೋದರೆ ಹಿಂದಿನ ದೀಪವನ್ನು ನೋಡಿ. 6 ವೋಲ್ಟಿನ, 3 ವಾಟಿನ ಡೈನಮೋ ಎರಡೂ ಬಲ್ಬುಗಳ ಲೆಕ್ಕಕ್ಕೆ ಮಾಡಿದ್ದು, ಒಂದು ಸತ್ತರೆ ಅದರ ಪಾಲೂ ಇನ್ನೊಂದಕ್ಕೆ ಹೋಗುತ್ತದೆ.

ನನ್ನನ್ನು ಕೇಳಿದರೆ ಬಣ್ಣವೇ ಬೇಡ. ಮೂಲ ಕಪ್ಪು ಬಣ್ಣದ ಮೇಲಿನ ಚಿನ್ನದ ಗೆರೆ, ಹೆಸರಿನ ಅಕ್ಷರ ಒಮ್ಮೆ ಹೋದರೆ ಹೋದಂತೆಯೇ. ಹಿಂದೆ ಸೈಕಲ್ ತೆರಿಗೆಗೆ ಕೊಡುತ್ತಿದ್ದ ಪುರಸಭೆಯ ಬಿಲ್ಲೆಯೇನಾದರೂ ಉಳಿದಿದ್ದರೆ ಅದನ್ನಂತೂ ಮುಟ್ಟಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಕಾರಿಗೆ ಹಚ್ಚುವ ಮೇಣದ ಪಾಲಿಶ್ ಹಾಕಿ. ಕ್ರೋಮಿನ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಗಟ್ಟಿ ತುಕ್ಕಿಗೆ ಆಕ್ಸಾಲಿಕ್ ಆಮ್ಲ ಕೆಲಸ ಮಾಡುತ್ತದೆ, ಆದರೆ ಅದು ವಿಷ. ಕೈಗವಸು ಹಾಕಿ, ಮಕ್ಕಳಿಂದ ದೂರವಿಟ್ಟು ಬಳಸಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ.

ಎಲ್ಲ ಸರಿಯಿದ್ದೂ ಭಾರ

ಶಬ್ದವಿಲ್ಲ, ಬ್ರೇಕು ಚೆನ್ನಾಗಿದೆ, ಆದರೂ ತುಳಿಯಲು ಭಾರ ಎನ್ನಿಸಿದರೆ ಸೈಕಲ್ಲಿನ ತೂಕವನ್ನು ದೂರುವ ಮೊದಲು ಗಾಳಿ ನೋಡಿ. ಟೈರಿನ ಬದಿಯಲ್ಲಿ ಅಚ್ಚಾದ ಒತ್ತಡದಷ್ಟು ಇದೆಯೇ? ಆಮೇಲೆ ಮುಂದಿನ ಚಕ್ರವನ್ನು ಎತ್ತಿ ವಾಲ್ವನ್ನು ಪಕ್ಕಕ್ಕೆ ತಂದು ಬಿಡಿ. ವಾಲ್ವಿನ ಭಾರಕ್ಕೇ ಚಕ್ರ ತಿರುಗಿ, ಹಿಂದೆ ಮುಂದೆ ಓಲಾಡಿ ನಿಂತರೆ ಕೋನು (ಹಬ್ಬಿನ ಬಾಲ್ಸುಗಳನ್ನು ಒತ್ತಿ ಹಿಡಿಯುವ ಭಾಗ) ಹದವಾಗಿದೆ. ಬಿಟ್ಟಲ್ಲೇ ನಿಂತರೆ ಕೋನು ಬಿಗಿಯಾಗಿದೆ, ಇಲ್ಲವೇ ಒಳಗೆ ಗ್ರೀಸು ಒಣಗಿದೆ. ಹಬ್ಬಿನ ನಡುವೆ ಎಣ್ಣೆಯ ಮುಚ್ಚಳವಿದ್ದರೆ ಕೆಲವು ಹನಿ ಬಿಟ್ಟು ನೋಡಿ. ಓವರ್‌ಹಾಲಿಂಗ್ ಮಾಡಿಸುವುದಾದರೆ ಬಾಲ್ಸುಗಳನ್ನೆಲ್ಲ ಒಟ್ಟಿಗೇ ಬದಲಿಸಿ. ಸಾಮಾನ್ಯವಾಗಿ ಮುಂದಿನ ಹಬ್ಬಿಗೆ ಇಂಚಿನ ಹದಿನಾರನೇ ಮೂರು ಭಾಗದವು, ಹಿಂದಿನ ಹಬ್ಬಿಗೂ ಬಿ.ಬಿ.ಗೂ ಕಾಲು ಇಂಚಿನವು.

ಸೀಟಿನ ಎತ್ತರವನ್ನೂ ನೋಡಿ. ಪೆಡಲು ಕೆಳಗಿದ್ದಾಗ ಹಿಮ್ಮಡಿಯಿಟ್ಟರೆ ಮಂಡಿ ನೇರವಾಗಬೇಕು. ನಿಂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕೆಂದು ಸೀಟನ್ನು ಇಳಿಸಿಕೊಂಡವರಿಗೆ ಯಾವ ಸೈಕಲ್ಲೂ ಭಾರವೇ.

ಇದೆಲ್ಲ ಸರಿಯಿದ್ದು ದಿಬ್ಬದಲ್ಲಿ ಮಾತ್ರ ಭಾರವಾದರೆ ಅದು ಹಲ್ಲಿನ ಲೆಕ್ಕ. 44ಕ್ಕೆ 18 ಬಯಲುಸೀಮೆಗೆ ಸರಿ. ಮಡಿಕೇರಿ, ಸಕಲೇಶಪುರದಂಥ ಊರಿಗೆ 22 ಹಲ್ಲಿನ ಫ್ರೀವೀಲು ಹಾಕಿಸಿದರೆ ಅದೇ ಸೈಕಲ್ಲು ಬೇರೆಯದೇ ಎನ್ನಿಸುತ್ತದೆ. ಹಳೆಯ ಫ್ರೀವೀಲನ್ನು ಚಕ್ರದಲ್ಲಿ ಸ್ಪೋಕುಗಳಿರುವಾಗಲೇ ತೆಗೆಸಿ. ತುಳಿತದ ಬಲಕ್ಕೆ ವರ್ಷಗಟ್ಟಲೆ ಬಿಗಿಯಾಗುತ್ತಲೇ ಬಂದ ಅದನ್ನು ಬಿಡಿಸಲು ಇಡೀ ಚಕ್ರವೇ ಸನ್ನೆಗೋಲಾಗಬೇಕು. ರಿಮ್ಮು ಬದಲಿಸಲೆಂದು ಸ್ಪೋಕು ಕತ್ತರಿಸಿದ ಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ. ನಾಲ್ಕು ಹಲ್ಲು ಹೆಚ್ಚಾದರೆ ಚೈನಿಗೆ ಒಂದು ಇಂಚು ಸೇರಿಸಬೇಕಾಗುತ್ತದೆ. ಸೇರಿಸದೆ ಚಕ್ರವನ್ನು ಮುಂದಕ್ಕೆ ತಳ್ಳಿ ಹೊಂದಿಸಿದರೆ ಹಿಂದಿನ ಬ್ರೇಕಿನ ರಬ್ಬರು ರಿಮ್ಮಿನಿಂದ ದೂರವಾಗುತ್ತದೆ, ದಿಬ್ಬ ಇಳಿಯುವ ಮೊದಲು ಅದನ್ನು ಮತ್ತೆ ಹೊಂದಿಸಿಕೊಳ್ಳಿ.